ಬೆನ್ನ ಹಿಂದಿನ ತಾಳ

ಆರ್ಕೆಸ್ಟ್ರಾದಲ್ಲಿ ಹಾಡುವವಳು ಜನರ ಕಡೆ ಮುಖ ಮಾಡಿ ನಿಲ್ಲುತ್ತಾಳೆ. ತಾಳ ಹಾಕುವವನು ಅವಳ ಹಿಂದೆ ಕೂತಿರುತ್ತಾನೆ. ಅವನ ಕೈ ಅವಳಿಗೆ ಕಾಣುವುದಿಲ್ಲ. ಅವಳ ಬೆನ್ನು ಅವನಿಗೆ ಪೂರ್ತಿ ಕಾಣುತ್ತದೆ. ಉಸಿರು ಎಳೆದುಕೊಳ್ಳುವಾಗ ಹೆಗಲು ಎಷ್ಟು ಮೇಲೇಳುತ್ತದೆ, ಯಾವ ಸಾಲಿನ ಕೊನೆಗೆ ಉಸಿರು ತೀರುತ್ತದೆ, ಎಲ್ಲವೂ ಅವನಿಗೆ ಗೊತ್ತಾಗುತ್ತದೆ. ಬಹಳ ವರ್ಷ ನನ್ನ ಬೆನ್ನ ಹಿಂದೆ ಕೂತಿದ್ದವನು ನನ್ನ ಗಂಡ.

ಅವನನ್ನು ಮೊದಲು ನೋಡಿದ್ದು ರಾಯಚೂರಿನಲ್ಲಿ, ನಾನು ಬಿ.ಎಡ್. ಓದುತ್ತಿದ್ದಾಗ. ಕಾಲೇಜಿನ ಗ್ಯಾದರಿಂಗಿನಲ್ಲಿ ನಾನು ಹಾಡಿದ್ದನ್ನು ಕೇಳಿ ಒಬ್ಬರು ಆರ್ಕೆಸ್ಟ್ರಾ ಮಾಲೀಕರು ತಮ್ಮ ಮನೆಗೆ ಕರೆಸಿದ್ದರು. ಕೀಬೋರ್ಡ್ ನುಡಿಸುವವರೂ ಅವರೇ. ಮಹಡಿಯ ಮೇಲಿನ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ತಗಡಿನಿಂದ ಇಳಿದು ತಲೆ ಸುಡುತ್ತಿತ್ತು. ಅವನು ಮೂಲೆಯಲ್ಲಿ ರಿದಂ ಪ್ಯಾಡಿನ ವೈರು ಸರಿಮಾಡುತ್ತಿದ್ದ. ರಬ್ಬರಿನ ಸಣ್ಣ ಚೌಕಗಳ ಮೇಲೆ ಕಡ್ಡಿಯಿಂದ ಹೊಡೆದರೆ ಢೋಲಕ್, ತಬಲಾ, ಡ್ರಮ್ಮು, ಯಾವ ಸದ್ದು ಬೇಕಾದರೂ ಕೊಡುವ ಯಂತ್ರ ಅದು. ಇನ್ನೂ ಕರೆಂಟ್ ಬಂದಿರಲಿಲ್ಲ.

"ಕರೆಂಟ್ ಬರೋ ತನಕ ನಿಮಗ ಬರೋದು ಏನರ ಹಾಡ್ರಿ," ಎಂದ.

ನಾಚಿಕೆಯಲ್ಲಿ ಸಿನಿಮಾ ಹಾಡು ಯಾವುದೂ ನೆನಪಾಗಲಿಲ್ಲ. ನಮ್ಮಜ್ಜಿ ಹಾಡುತ್ತಿದ್ದ ಒಂದು ಜೋಗುಳ ಹಾಡಿದೆ. ಅವನು ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಿರುಗಿಸಿಟ್ಟು ಅದರ ಬೆನ್ನ ಮೇಲೆ ಬೆರಳಲ್ಲಿ ಆರು ಮಾತ್ರೆಯ ತಾಳ ಹಾಕಿದ. ತೊಟ್ಟಿಲು ತೂಗಿದ ಹಾಗೇ ಇತ್ತು. ಮೊದಲನೇ ಪೆಟ್ಟು ಭಾರ, ಆಮೇಲಿನವು ಹಗುರ, ನಾಲ್ಕನೆಯದು ಮತ್ತೆ ಸ್ವಲ್ಪ ಭಾರ. ಎರಡನೇ ಸಲ ಹಾಡುವಾಗ ಅದೇ ರಾಗ, ಅದೇ ಮಾತು, ಅವನು ತಾಳ ಮಾತ್ರ ಬದಲಿಸಿದ. ಅಂಗೈಯಲ್ಲಿ ನಾಲ್ಕರ ಹೊಡೆತ, ನಡುನಡುವೆ ಎದುರು ಪೆಟ್ಟು. ನನ್ನ ಜೋಗುಳ ನೋಡನೋಡುತ್ತ ಮದುವೆ ಮೆರವಣಿಗೆಯ ಹಾಡಾಯಿತು. ಮಾಲೀಕರ ಹೆಂಡತಿ ಚಹಾದ ತಟ್ಟೆ ಹಿಡಿದುಕೊಂಡೇ ಬಾಗಿಲಲ್ಲಿ ಹೆಜ್ಜೆ ಹಾಕಿದರು. ಮೂರನೇ ಸಲ ಅವನು ಪೂರಾ ನಿಧಾನಿಸಿದ. ಒಂದು ಪೆಟ್ಟು, ಆಮೇಲೆ ಉದ್ದನೆಯ ಖಾಲಿ, ಮತ್ತೊಂದು ಪೆಟ್ಟು. ಆಗ ಅದು ಸತ್ತ ಮಗುವಿನ ಮುಂದೆ ಹಾಡುವಂತೆ ಕೇಳಿಸಿತು.

"ನೋಡಿದ್ರೇನು? ಹಾಡು ಹಾಡೋರ ಕೈಯಾಗ ಇರೋದಿಲ್ಲರಿ," ಎಂದು ನಕ್ಕ. "ಜನ ನಗಬೇಕೋ ಅಳಬೇಕೋ ಅನ್ನೋದು ನಾವು ಹೇಳ್ತೀವಿ."

ನನಗೆ ಆ ಮಾತು ಬಹಳ ಇಷ್ಟವಾಯಿತು. ಅದನ್ನು ಬೆದರಿಕೆಯೆಂದು ಕೇಳುವ ವಯಸ್ಸು ಅದಲ್ಲ.

ನಾನು ದೇವದುರ್ಗದವಳು. ನಮ್ಮ ತಾತ ಊರ ಹೆಣಗಳ ಮುಂದೆ, ಗೌಡರು ಹೇಳಿಕಳಿಸಿದಾಗೆಲ್ಲ ಹಲಗೆ ಬಡಿದವನು. ಬಡಿಯುವುದಿಲ್ಲ ಎನ್ನುವ ಹಾಗಿರಲಿಲ್ಲ. ಅದು ನಮ್ಮ ಕೇರಿಯ ಪಾಲಿನ ಕೆಲಸ. ಅಪ್ಪ ಹಾಸ್ಟೆಲಿನಲ್ಲಿ ಓದಿ ಶಾಲೆಯ ಮಾಸ್ತರನಾದ, ಗೋಡೆಯ ಮೇಲೆ ಬುದ್ಧನ ಚಿತ್ರ ಹಾಕಿದ, ತಾತನ ಹಲಗೆಯನ್ನು ಒಲೆಗೆ ಇಟ್ಟ. ಚರ್ಮ ಸುಡುವ ವಾಸನೆ ಮೂರು ಮನೆಗಳಾಚೆಗೂ ಹೋಗಿತ್ತಂತೆ. ನಾನು ತಟ್ಟೆಯ ಮೇಲೆ ಬೆರಳಾಡಿಸಿದರೂ ಅಪ್ಪ ಗದರುತ್ತಿದ್ದ. ಅಂಥವನ ಮುಂದೆ ಹೋಗಿ, ಪ್ಯಾಡ್ ಬಡಿಯುವವನನ್ನು ಮದುವೆಯಾಗುತ್ತೇನೆ ಎಂದೆ.

"ಮಾನ್ವಿಯೊಳಗ ಅವರದು ಕಿರಾಣಿ ಅಂಗಡಿ ಅದ. ಲಿಂಗ ಕಟ್ಟೋ ಮಂದಿ. ಅವನಿಗಿ ಬಡಿಯೋದು ಷೋಕಿ," ಎಂದ ಅಪ್ಪ. "ನಮಗ ಅದು ಷೋಕಿ ಆಗಿರಲಿಲ್ಲ ಮಗಳ."

ಅಷ್ಟೇ ಹೇಳಿದ್ದು. ಮದುವೆಗೆ ಬರಲಿಲ್ಲ. ಮಾನ್ವಿಯ ಮನೆಯವರೂ ಬರಲಿಲ್ಲ. ರಾಯಚೂರಿನಲ್ಲಿ ಒಂದು ಬಾಡಿಗೆ ಮನೆ ಮಾಡಿದೆವು. ಮೊದಲ ವರ್ಷಗಳು ಚೆನ್ನಾಗಿದ್ದವು. ಮದುವೆ, ಸೀಮಂತ, ಗಣೇಶ ಮಂಡಳಿ, ಎಲ್ಲಿ ಕರೆದರೂ ವ್ಯಾನಿನಲ್ಲಿ ಸ್ಪೀಕರ್‌ಗಳ ಮೇಲೆ ಕೂತು ಹೋಗುತ್ತಿದ್ದೆವು. ಅವನು ನನ್ನ ಉಸಿರು ಕಾಯುತ್ತಿದ್ದ. ಸಾಲು ಮುಗಿಯುತ್ತಿದ್ದಂತೆ ಪ್ಯಾಡಿನ ಮೇಲೆ ಗುಡುಗುಡು ಒಂದು ರೋಲ್ ಕೊಡುತ್ತಾರಲ್ಲ, ಕೇಳುವವರಿಗೆ ಅದು ಅಲಂಕಾರ. ಹಾಡುವವರಿಗೆ ಅದು ಉಸಿರು ತೆಗೆದುಕೊಳ್ಳುವ ಜಾಗ. ಅವನು ಆ ರೋಲನ್ನು ನನ್ನ ಎದೆಯ ಅಳತೆಗೆ ಹೊಲಿಯುತ್ತಿದ್ದ.

ಗಬ್ಬೂರಿನಲ್ಲಿ ಒಂದು ಮದುವೆ. ಹುಡುಗಿಯ ತಂದೆ ವೇದಿಕೆ ಹತ್ತಿ ನನಗೆ ಶಾಲು ಹೊದಿಸಿ, "ಏನ್ ಕಂಠ ಯವ್ವಾ ನಿಂದು! ಇನ್ನೊಮ್ಮಿ ಹಾಡು," ಎಂದರು. ಜನ ಕೇಕೆ ಹಾಕಿದರು. ಅದೇ ಹಾಡನ್ನು ಮತ್ತೆ ಹಾಡಿದೆ. ಇಳಿಯುವಾಗ ಅವರು ನನ್ನ ಗಂಡನನ್ನು ನೋಡಿ, "ತಮ್ಮಾ, ಆ ಡಬ್ಬಿ ಸೌಂಡ್ ಸ್ವಲ್ಪ ಕಮ್ಮಿ ಇಡು, ಆಕಿ ದನಿ ಕೇಳವಲ್ದು," ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ವಾಪಸು ಬರುವಾಗ ವ್ಯಾನಿನಲ್ಲಿ ಶಾಲನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅವನು ಅದನ್ನು ತೆಗೆದುಕೊಂಡು ಪ್ಯಾಡಿಗೆ ಧೂಳು ಬೀಳದಂತೆ ಹೊದಿಸಿದ.

ಮುಂದಿನ ಕಾರ್ಯಕ್ರಮದಲ್ಲಿ ನನಗೆ ಉಸಿರು ಸಾಲಲಿಲ್ಲ.

ಚರಣದ ಎರಡನೇ ಸಾಲಿನ ಕೊನೆಗೆ ಉಸಿರು ಎಳೆಯುವಷ್ಟರಲ್ಲಿ ಮುಂದಿನ ಸಾಲಿನ ಪೆಟ್ಟು ಬಂದುಬಿಟ್ಟಿತ್ತು. ಅರ್ಧ ಉಸಿರಲ್ಲೇ ಎತ್ತಿಕೊಂಡೆ. ಕೊನೆಯ ಅಕ್ಷರ ಮುರಿಯಿತು. ಮೈಕಿನಲ್ಲಿ ನನ್ನ ತೇಕು ದೊಡ್ಡದಾಗಿ ಕೇಳಿಸಿತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ನಾನು ಗಂಟಲು ಕೆಟ್ಟಿದೆ ಎಂದುಕೊಂಡೆ. ಮೆಣಸಿನ ಕಷಾಯ ಕುಡಿದೆ, ಜೇನುತುಪ್ಪ ನೆಕ್ಕಿದೆ. ಡಾಕ್ಟರು ಎದೆಗೆ ಕೊಳವೆ ಹಿಡಿದು ಕೇಳಿ, "ಏನೂ ಇಲ್ಲಮ್ಮ, ಗಟ್ಟಿ ಇದ್ದೀರಿ," ಎಂದರು. ಹೊರಗೆ ಬಂದಾಗ ಅವನು, "ಡಾಕ್ಟರಿಗಿ ಏನ್ ತಿಳೀತದ ಹಾಡಿಂದು," ಎಂದ.

ಪ್ರತಿ ಸಲ ಹಾಗಾಗುತ್ತಿರಲಿಲ್ಲ. ಅದೇ ಅದರ ಕ್ರೌರ್ಯ. ನಾಲ್ಕು ಹಾಡು ಸರಾಗವಾಗಿ ಹೋಗುತ್ತಿದ್ದವು. ಐದನೆಯದರಲ್ಲಿ, ಜನ ಮೆಚ್ಚಿ ಸುಮ್ಮನಾದ ಜಾಗದಲ್ಲೇ ರೋಲ್ ತುಂಡಾಗುತ್ತಿತ್ತು. ಕೆಲವೊಮ್ಮೆ ತಾಳದ ವೇಗ ಯಾರಿಗೂ ತಿಳಿಯದಷ್ಟು ಸ್ವಲ್ಪಸ್ವಲ್ಪವೇ ಏರುತ್ತ ಹೋಗಿ, ಮಳೆಯಂತೆ ಬರಬೇಕಾದ ಹಾಡು ನಾಯಿ ಅಟ್ಟಿಸಿಕೊಂಡು ಬಂದಂತಾಗುತ್ತಿತ್ತು. ಕೆಲವೊಮ್ಮೆ ಪಲ್ಲವಿಗೆ ಮರಳುವ ಮೊದಲು ಅವನು ಪೂರ್ತಿ ಖಾಲಿ ಬಿಡುತ್ತಿದ್ದ. ತಾಳವಿಲ್ಲದ ಆ ಗುಂಡಿಯಲ್ಲಿ ನಾನು ಒಂದು ಮಾತ್ರೆ ಮುಂಚೆ ಕಾಲಿಟ್ಟು ಬೀಳುತ್ತಿದ್ದೆ. ತಪ್ಪು ಯಾವಾಗಲೂ ನನ್ನದೇ ಆಗಿ ಕಾಣುತ್ತಿತ್ತು. ಜನರಿಗೆ ಬಾಯಿ ಕಾಣುತ್ತದೆ, ಕೈ ಕಾಣುವುದಿಲ್ಲ.

ಯಾರೋ ಮೊಬೈಲಿನಲ್ಲಿ ಹಿಡಿದ ಒಂದು ತುಣುಕನ್ನು ಅವನು ಇಟ್ಟುಕೊಂಡಿದ್ದ. ಅದರಲ್ಲಿ ನಾನು ಮೈಕ್ ಹಿಡಿದು ಮೀನಿನಂತೆ ಬಾಯಿ ತೆರೆದು ಉಸಿರು ಹುಡುಕುತ್ತಿದ್ದೇನೆ. ಮನೆಗೆ ಬಂದವರಿಗೆ ಚಹಾದ ಜೊತೆ ಅದನ್ನು ತೋರಿಸುತ್ತಿದ್ದ. ಮಗಳು ಆಗ ಸಣ್ಣವಳು. ಅಪ್ಪನ ತೊಡೆಯ ಮೇಲೆ ಕೂತು, "ಮತ್ತೊಮ್ಮಿ ಹಚ್ಚಪ್ಪ, ಯವ್ವ ತೇಕೋದು," ಎಂದು ಕೇಳಿ ಕೇಳಿ ನೋಡುತ್ತಿದ್ದಳು. ನಾನು ಅಡುಗೆಮನೆಯಿಂದಲೇ ಅವರ ನಗು ಕೇಳುತ್ತಿದ್ದೆ.

ನಿಜ ಗೊತ್ತಾದದ್ದು ಅವನಿಗೆ ಜ್ವರ ಬಂದಾಗ. ದೇವದುರ್ಗದ ಒಂದು ಕಾರ್ಯಕ್ರಮ ಬಿಡುವಂತಿರಲಿಲ್ಲ. ಮಾಲೀಕರು ಕೀಬೋರ್ಡಿನೊಳಗೇ ಇದ್ದ ತಾಳ ಒತ್ತಿ, "ಇದರ ಮ್ಯಾಲ ಹಾಡು ತಂಗಿ, ಹೆಂಗರ ಮಾಡಿ ದಾಟಸೋಣ," ಎಂದರು. ಯಂತ್ರದ ತಾಳ, ರುಚಿಯಿಲ್ಲ, ಬೆವರಿಲ್ಲ. ಆದರೆ ಅದಕ್ಕೆ ನನ್ನ ಮೇಲೆ ಸಿಟ್ಟೂ ಇರಲಿಲ್ಲ. ಪ್ರತಿ ಸಾಲಿನ ಕೊನೆಗೂ ನನ್ನ ಪಾಲಿನ ಜಾಗ ಅಲ್ಲೇ ಇತ್ತು. ಚರಣದ ನಂತರ ಚರಣ ಹಾಡಿದೆ. ಎಲ್ಲೂ ತೇಕಲಿಲ್ಲ. ಹಾಡುತ್ತ ಹಾಡುತ್ತಲೇ ನನಗೆ ಎಲ್ಲವೂ ತಿಳಿಯಿತು. ಬಾಯಲ್ಲಿ ಪ್ರೇಮಗೀತೆ ಇತ್ತು, ಮನಸ್ಸಿನಲ್ಲಿ ತುಂಡಾದ ರೋಲ್‌ಗಳನ್ನು ಎಣಿಸುತ್ತಿದ್ದೆ.

ಮಾರನೆಯ ದಿನ ಊಟಕ್ಕೆ ಬಡಿಸುತ್ತ ಕೇಳಿದೆ. "ನೀವು ಬೇಕಂತ ತಾಳ ಓಡಸ್ತೀರಿ."

ಅವನು ಅನ್ನ ಕಲಸುತ್ತಲೇ ಇದ್ದ. "ಹಾಡಾಕ ಬರದೋರು ತಾಳದ ಮ್ಯಾಲ ತಪ್ಪು ಹಾಕ್ತಾರ."

"ನಿನ್ನಿ ನೀವಿರಲಿಲ್ಲ. ಒಂದು ಕಡಿನೂ ತಪ್ಪಲಿಲ್ಲ."

"ಹಂಗಾದ್ರ ಮಷಿನ್ನಿನ ಜೋಡಿನ ಸಂಸಾರ ಮಾಡು." ಸಾರು ಹಾಕಿಸಿಕೊಂಡು, ನನ್ನ ಮುಖ ನೋಡಿ, ಮೆತ್ತಗೆ ಹೇಳಿದ: "ನಿಮ್ಮೋರಿಗಿ ತಾಳ ಹುಟ್ಟತಲೇ ಬರ್ತದ ಅಂತ ಕೇಳಿದ್ದೆ. ನಿನ್ನ ಪಾಲಿಂದು ನಿಮ್ಮಪ್ಪ ಒಲಿಗಿ ಹಾಕಿದನೇನು?"

ಅಪ್ಪ ಹಲಗೆ ಸುಟ್ಟ ಕಥೆಯನ್ನು ಅವನಿಗೆ ಹೇಳಿದ್ದು ನಾನೇ, ಮದುವೆಯಾದ ಹೊಸದರಲ್ಲಿ, ಅವನ ತೋಳ ಮೇಲೆ ತಲೆಯಿಟ್ಟು.

ಮಾಲೀಕರ ಹತ್ತಿರ ಹೋದೆ. ಅವರು ಬಹಳ ಹೊತ್ತು ಕೀಬೋರ್ಡಿನ ಸಂದಿಯ ಧೂಳು ಒರೆಸಿದರು.

"ನನಗ ಕಿವಿ ಇಲ್ಲೇನು ತಂಗಿ? ಮೊದಲಿಂದ ಕೇಳಾಕತ್ತೀನಿ."

"ಮತ್ತ ಯಾಕ ಸುಮ್ಮನಿದ್ರಿ?"

"ಜನ ಈಗ ಹಾಡು ಕೇಳಾಕ ಬರೋದಿಲ್ಲ, ಕುಣಿಯಾಕ ಬರ್ತಾರ. ಅವನ ಕೈಯಾಗ ಆ ಹೊಡತ ಅದ. ಆಂಧ್ರದ ಕಡಿ ಹಾಡು ಹಚ್ಚಿದ್ರ ಮುದುಕರೂ ಏಳ್ತಾರ. ಅಂಥಾ ಕೈ ಮತ್ತೊಂದು ಸಿಗೋದಿಲ್ಲ." ಬಟ್ಟೆ ಮಡಚಿಟ್ಟರು. "ಹಾಡೋರು ಸಿಗ್ತಾರವ್ವ. ಬೇಜಾರ ಮಾಡ್ಕೋಬ್ಯಾಡ."

ಆಮೇಲೂ ನಾನು ಹಾಡಿದೆ. ಯಾಕೆ ಬಿಡಲಿಲ್ಲ ಎಂದು ಕೇಳುವವರಿಗೆ ಒಂದೇ ಉತ್ತರ: ನನಗೆ ಹಾಡುವುದು ಬೇಕಾಗಿತ್ತು, ಬೇರೆ ವೇದಿಕೆ ಇರಲಿಲ್ಲ. ಕದ್ದು ಉಸಿರು ತೆಗೆಯುವುದು ಕಲಿತೆ. ಸಾಲಿನ ನಡುವೆ, ವ್ಯಂಜನದ ಮರೆಯಲ್ಲಿ, ಮೂಗಿನಿಂದ. ಅವನು ಅದನ್ನೂ ಹೆಗಲ ಮೇಲೆ ಓದಿಕೊಂಡು ಅಲ್ಲೇ ಕತ್ತರಿ ಹಾಕುತ್ತಿದ್ದ.

ಮಗಳು ಬೆಳೆದಳು. ಅವಳಿಗೆ ಅಪ್ಪನ ಕೈ ಬಂದಿತ್ತು, ನಿಜವೆಂದರೆ ಅದಕ್ಕಿಂತ ಒಳ್ಳೆಯ ಕೈ. ಅವನ ಹೊಡೆತದಲ್ಲಿ ಜೋರಿತ್ತು. ಅವಳದರಲ್ಲಿ ಜೋರಿನ ಜೊತೆ ತೂಕವಿತ್ತು. ಪಿಯುಸಿಗೆ ಬರುವಷ್ಟರಲ್ಲಿ ಮನೆಯಲ್ಲಿ ಪ್ಯಾಡ್ ಅವಳದೇ ಆಗಿತ್ತು. ಅವಳು ಒಬ್ಬಳೇ ಅಭ್ಯಾಸ ಮಾಡುವಾಗ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಮೆಲ್ಲಗೆ ಗುನುಗುತ್ತಿದ್ದೆ. ಅವಳ ತಾಳದ ಮೇಲೆ ಕೂತರೆ ಎತ್ತಿನ ಬಂಡಿಯ ಮೇಲೆ ಹುಲ್ಲು ಹಾಸಿ ಕೂತ ಹಾಗಿರುತ್ತಿತ್ತು. ಇವಳು ನನ್ನ ಹಿಂದೆ ಕೂತರೆ ಹೇಗೆ ಎಂದು ಆಸೆಪಟ್ಟೆ.

ಆ ದಿನವೂ ಬಂತು. ಪೋತ್ನಾಳದಲ್ಲಿ ಒಬ್ಬರು ಹೊಸ ಅಕ್ಕಿ ಗಿರಣಿ ಶುರುಮಾಡಿದ್ದರು. ಗಿರಣಿಯ ಅಂಗಳದಲ್ಲಿ ಶಾಮಿಯಾನ, ಊಟದ ನಂತರ ಹಾಡು. "ಇವತ್ತು ನನ್ನ ಮಗಳು ನುಡಸ್ತಾಳ," ಎಂದು ಅವನೇ ಮೈಕಿನಲ್ಲಿ ಹೇಳಿ ಅವಳ ಪಕ್ಕ ನಿಂತ. ಹುಡುಗಿ ಪ್ಯಾಡ್ ನುಡಿಸುತ್ತಾಳೆಂದು ಜನ ಮುಂದೆ ಸರಿದು ಬಂದರು. ನಾನು ಸಾವಕಾಶದ ಹಾಡೊಂದನ್ನು ಆರಿಸಿಕೊಂಡೆ.

ಪಲ್ಲವಿ ಮುಗಿಯಿತು. ರೋಲ್ ಬಂತು, ಪೂರ್ತಿ, ದುಂಡಗೆ. ಎದೆ ತುಂಬ ಉಸಿರು ತೆಗೆದುಕೊಂಡೆ. ಎಷ್ಟೋ ವರ್ಷಗಳ ನಂತರ ವೇದಿಕೆಯ ಮೇಲೆ ನನಗೆ ನಗು ಬಂದಿತ್ತು. ಮೊದಲ ಚರಣ ಹಾಗೇ ತೇಲಿತು. ಎರಡನೇ ಚರಣದ ಅತಿ ಎತ್ತರದ ಜಾಗ ಮುಗಿಸಿ ಉಸಿರಿಗೆ ಬಾಯಿ ತೆರೆದೆ. ಪೆಟ್ಟು ಬಿತ್ತು. ರೋಲ್ ಇರಲಿಲ್ಲ.

ತಿರುಗಿ ನೋಡಿದೆ. ಅವನು ಬಾಗಿ ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಕಡ್ಡಿಗಳು ಓಡತೊಡಗಿದ್ದವು.

ನಾನು ಹಾಡು ನಿಲ್ಲಿಸಿದೆ. ಮೈಕನ್ನು ಕೆಳಗಿಳಿಸಿ ಸುಮ್ಮನೆ ನಿಂತೆ. ಎಲ್ಲ ನಿಲ್ಲುತ್ತದೆ, ಜನ ಏನಾಯಿತೆಂದು ಕೇಳುತ್ತಾರೆ, ಆಗ ಎಲ್ಲರೆದುರು ಹೇಳಿಬಿಡುತ್ತೇನೆ ಎಂದುಕೊಂಡಿದ್ದೆ.

ಏನೂ ನಿಲ್ಲಲಿಲ್ಲ. ಮಾಲೀಕರು ನನ್ನ ಸಾಲನ್ನು ಕೀಬೋರ್ಡಿನಲ್ಲಿ ಕೊಳಲಿನ ದನಿಯಲ್ಲಿ ಎತ್ತಿಕೊಂಡರು. ಆಮೇಲೆ ಅದನ್ನೂ ಬಿಟ್ಟರು. ಉಳಿದದ್ದು ತಾಳವೊಂದೇ. ಜನ ಎದ್ದು ಕುಣಿಯತೊಡಗಿದರು. ಹಮಾಲರು, ಗಿರಣಿ ಧಣಿಯ ಅಳಿಯಂದಿರು, ಬೀಗರು ಎಲ್ಲ ಒಂದಾಗಿ ಧೂಳೆಬ್ಬಿಸಿದರು. ಆ ಇಡೀ ಅಂಗಳದಲ್ಲಿ ಹಾಡು ನಿಂತದ್ದು ಒಬ್ಬರಿಗೂ ಗೊತ್ತಾಗಲಿಲ್ಲ. ವೇದಿಕೆಯ ಕೆಳಗೆ ಮೊಬೈಲ್ ಎತ್ತಿ ಹಿಡಿದಿದ್ದವನೊಬ್ಬ ನನ್ನತ್ತ ಕೈ ಬೀಸಿದ.

"ಯಕ್ಕಾ, ಸ್ವಲ್ಪ ಸರೀರಿ. ನೀವು ಅಡ್ಡ ನಿಂತೀರಿ, ಆ ಹುಡುಗಿ ವಿಡಿಯೋದಾಗ ಬರವಲ್ಲಳು."

ನಾನು ಸರಿದೆ.

ಕಾರ್ಯಕ್ರಮ ಮುಗಿದ ಮೇಲೆ ಶಾಮಿಯಾನದ ಹಿಂದೆ, ಭತ್ತದ ಚೀಲಗಳ ಪಕ್ಕದಲ್ಲಿ ಮಗಳನ್ನು ಹಿಡಿದು ಕೇಳಿದೆ. ಅವಳ ಮುಖ ಇನ್ನೂ ಚಪ್ಪಾಳೆಯಲ್ಲಿ ಕೆಂಪಗಿತ್ತು.

"ಯಾಕ ಮಾಡಿದಿ?"

"ಅಪ್ಪ ಹೇಳಿದ್ರು. ನೀ ಹಾಡು ಎಳೀತಿ ಅಂತ, ಓಡಿಸಿದ್ರ ಸರಿ ಆಗ್ತದ ಅಂತ." ಆಮೇಲೆ, ನನಗೆ ಗೊತ್ತಿಲ್ಲದ್ದನ್ನು ತಿಳಿಸುವವಳ ಹಾಗೆ, "ನೀ ಯಾವಾಗ್ಲೂ ತೇಕ್ತಿ ಯವ್ವಾ. ಎಲ್ಲಾರಿಗೂ ಗೊತ್ತದ," ಎಂದಳು.

ಅವಳ ದನಿಯಲ್ಲಿ ದ್ವೇಷವಿರಲಿಲ್ಲ. ಮನೆಯಲ್ಲಿ ಕೇಳುತ್ತ ಬೆಳೆದದ್ದನ್ನು ಹೇಳಿದಳು, ಅಷ್ಟೇ. ನಾನು ರಸ್ತೆಗೆ ಬಂದು ರಾಯಚೂರಿನ ಬಸ್ಸು ಹತ್ತಿದೆ, ಅಲ್ಲಿಂದ ದೇವದುರ್ಗಕ್ಕೆ ಹೋದೆ. ಅಪ್ಪ ಬಾಗಿಲಲ್ಲಿ ಕೂತು ಪೇಪರ್ ಓದುತ್ತಿದ್ದ. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡ.

"ನಿಮ್ಮ ತಾತ ಬಡೀತಿದ್ದ. ನಾ ಬಡಿಯೋದು ಬಿಡಿಸಿದೆ. ನೀ ಬಡಿಸಿಕೊಳ್ಳಾಕ ಹೋದಿ," ಎಂದ. ಆಮೇಲೆ ಪೇಪರ್ ತಿರುವಿದ. ನಾನು ಒಳಗೆ ಹೋಗಿ ಮುಖ ತೊಳೆದೆ.

ನನ್ನ ಬಿ.ಎಡ್. ಆಗ ಕೆಲಸಕ್ಕೆ ಬಂತು. ರಾಯಚೂರಿನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸತೊಡಗಿದೆ, ಬೇರೆ ಮನೆ ಹಿಡಿದೆ. ಆರ್ಕೆಸ್ಟ್ರಾಕ್ಕೆ ಹೊಸ ಹುಡುಗಿ ಬಂದಳು. ಮಗಳು ಅಪ್ಪನ ಜೊತೆಗೇ ಉಳಿದಳು. ಪೋತ್ನಾಳದ ವಿಡಿಯೋ ಊರೂರು ತಿರುಗಿ ಅವಳಿಗೆ ಹೆಸರು ಬಂದಿತ್ತು. ನನ್ನ ಶಾಲೆಯ ಮಕ್ಕಳೇ ಅದನ್ನು ನನಗೆ ತೋರಿಸಿದರು. ಮೊದಲ ಕ್ಷಣದಲ್ಲಿ ನನ್ನ ಸೀರೆಯ ಅಂಚು ಚೌಕಟ್ಟಿನಿಂದ ಆಚೆ ಸರಿಯುತ್ತದೆ, ಆಮೇಲೆಲ್ಲ ಅವಳು. "ಮಿಸ್, ಬೀಟ್ ನೋಡ್ರಿ!" ಎಂದರು. ನಿಜಕ್ಕೂ ಚೆನ್ನಾಗಿತ್ತು.

ಆಮೇಲೊಂದು ಬೇಸಿಗೆಯಲ್ಲಿ, ಭಾನುವಾರ ಬೆಳಿಗ್ಗೆ, ಮಗಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಳಗೂ ಬರದೆ ಹೇಳಿದಳು:

"ಯವ್ವಾ, ನನಗೂ ಮಾಡಿದ."

ಮಾನ್ವಿಯಲ್ಲಿ ಕಾರ್ಯಕ್ರಮವಿತ್ತಂತೆ. ಅಪ್ಪನ ಊರು, ಅಪ್ಪನ ಜನ. ಅವರು ಅವಳ ಹೆಸರನ್ನೇ ಕೂಗಿದರು. ಅವಳಿಗೆ ಜೊತೆ ಕೊಡಲು ಅವನು ಲ್ಯಾಪ್‌ಟಾಪಿನಿಂದ ಮೊದಲೇ ರೆಕಾರ್ಡ್ ಮಾಡಿದ ತಾಳ ಬಿಡುತ್ತಿದ್ದ, ಅವಳು ಅದರ ಮೇಲೆ ಪ್ಯಾಡ್ ನುಡಿಸಬೇಕು. ಅಭ್ಯಾಸದಲ್ಲಿ ಇದ್ದ ವೇಗ ಒಂದು, ವೇದಿಕೆಯ ಮೇಲೆ ಬಂದ ವೇಗ ಇನ್ನೊಂದು. ಅವಳು ಅದನ್ನು ಹಿಡಿದುಕೊಂಡಾಗ ನಡುವೆ ಮತ್ತೆ ಬದಲಿಸಿದ. ಅವಳ ಕೈಯೂ ಯಂತ್ರವೂ ಎರಡು ದಾರಿ ಹಿಡಿದವು. ಡಬ್ಬಿಗಳು ಮೆಟ್ಟಿಲ ಮೇಲಿಂದ ಉರುಳಿದ ಹಾಗಾಯಿತು.

"ಜನ ನಕ್ಕರೇನು?" ಎಂದು ಕೇಳಿದೆ.

"ನಕ್ರು."

"ಅವನು?"

"ಮೈಕಿನ್ಯಾಗ ಹೇಳಿದ. ತಾಯಿ ಗುಣ ಬಂದದ, ಏನ್ ಮಾಡೋದು ಅಂತ."

ನನ್ನೊಳಗೆ ಏನೋ ತಣ್ಣಗಾಯಿತು. ಅದು ಮರುಕವಾಗಿರಲಿಲ್ಲ, ಕೊನೆಗೂ ಒಬ್ಬ ಸಾಕ್ಷಿ ಸಿಕ್ಕಳು ಎನ್ನುವ ನೆಮ್ಮದಿ. ಮಗಳ ಕಣ್ಣೀರಿನ ಮುಂದೆ ತಾಯಿಗೆ ಬರಬಾರದ ನೆಮ್ಮದಿ ಅದು, ಆದರೆ ಬಂತು. "ಒಳಗ ಬಾ. ಉಪ್ಪಿಟ್ಟು ಅದ," ಎಂದೆ.

ಅವನು ಈಗಲೂ ನುಡಿಸುತ್ತಾನೆ. ಆರೋಗ್ಯವಾಗಿದ್ದಾನೆ. ಯಾವುದೋ ಯುವಕ ಸಂಘದವರು ಅವನಿಗೆ ಪೇಟ ಸುತ್ತಿ ಬಿರುದು ಕೊಟ್ಟರಂತೆ. ಆರ್ಕೆಸ್ಟ್ರಾದ ಹೊಸ ಹುಡುಗಿಯೂ ಬಿಟ್ಟುಹೋಗಿ ಇನ್ನೊಬ್ಬಳು ಬಂದಿದ್ದಾಳೆ. ಅವಳಿಗೆ ಉಬ್ಬಸವಿದೆ ಎಂದು ಮಾಲೀಕರು ಎಲ್ಲೋ ಸಿಕ್ಕಾಗ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಈ ವರ್ಷ ಮಲ್ಲಟದಲ್ಲಿ, ನಮ್ಮ ಶಾಲೆಯ ಟೀಚರೊಬ್ಬರ ಮೊಮ್ಮಗುವಿನ ನಾಮಕರಣವಿತ್ತು. ಅವರ ಒತ್ತಾಯಕ್ಕೆ ನಾವು ತಾಯಿ ಮಗಳು ಇಬ್ಬರೇ ಹೋದೆವು. ಒಂದು ಪ್ಯಾಡ್, ಒಂದು ಸ್ಪೀಕರ್. ಮನೆಯ ಮುಂದಿನ ಕಟ್ಟೆಯೇ ವೇದಿಕೆ. ಅವಳನ್ನು ನನ್ನ ಎದುರಿಗೆ ಕೂರಿಸಿಕೊಳ್ಳಬಹುದಿತ್ತು, ಆದರೆ ವೈರು ಗಿಡ್ಡ, ಪ್ಲಗ್ಗು ಒಳಗಿನ ಗೋಡೆಗಿತ್ತು. ಮತ್ತೆ ಬೆನ್ನ ಹಿಂದೆಯೇ ಕೂತಳು.

ಹಾಡಿದೆ. ಪ್ರತಿ ಸಾಲಿನ ಕೊನೆಗೂ ನನ್ನ ಹೆಗಲು ಬಿಗಿಯುತ್ತಿತ್ತು. ಈಗ ಕತ್ತರಿಸುತ್ತಾಳೆ, ಈಗ ಕತ್ತರಿಸುತ್ತಾಳೆ ಎಂದು ಕಾಯುತ್ತಿದ್ದೆ. ಕತ್ತರಿಸಲಿಲ್ಲ. ಹಾಡು ಮುಗಿದಾಗ ಹೆಂಗಸರು ಚೆನ್ನಾಗಿತ್ತು ಎಂದರು, ಹೋಳಿಗೆ ಬಡಿಸಿದರು.

ಬಸ್ಸಿಗೆ ಕಾಯುತ್ತ ನಿಂತಾಗ ಮಗಳನ್ನು ಕೇಳಿದೆ, "ಹೆಂಗಿತ್ತು?"

ಅವಳು ಪ್ಯಾಡಿನ ಚೀಲದ ಪಟ್ಟಿ ಬಿಗಿಮಾಡುತ್ತಿದ್ದಳು. "ಛಲೋ ಇತ್ತು. ಆದ್ರ ನೀ ಓಡಾಕತ್ತಿದ್ದಿ ಯವ್ವಾ. ಎಲ್ಲಾ ಸಾಲಿಗೂ ತಾಳಕ್ಕಿಂತ ಮುಂದ. ನಾ ತಾಳ ಹಿಡದು ನಿಲ್ಲಿಸಿದ್ರ ನಿಂದು ತಪ್ಪಿದಂಗ ಕಾಣ್ತಿತ್ತು. ಅದಕ್ಕ ನಾನೂ ನಿನ್ನ ಜೋಡಿ ಓಡಿದೆ."

ಅದು ಅವಳ ಅಂತಃಕರಣ ಎಂದು ನನಗೆ ತಿಳಿಯಿತು. ಆದರೂ, ಈ ಸಲ ತಪ್ಪು ನಿಜಕ್ಕೂ ನನ್ನದೇ ಎಂದು ಕೇಳಿ, ಕೆನ್ನೆಗೆ ಹೊಡೆಯುವಷ್ಟು ಸಿಟ್ಟು ಬಂತು. ಕೈ ಸೆರಗಿನೊಳಗೆ ಸುತ್ತಿಕೊಂಡೆ. ಬಸ್ಸು ಬಂದಾಗ ಅವಳು ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟಳು. ನಾನು ಹಿಂದಿನ ಸಾಲಿಗೆ ಹೋಗಿ ಬೇರೆಯಾಗಿ ಕೂತೆ.